ನಾನಾವತಿ ಸರಣಿ ನೋಡಿದವರಿಗೆ: ಜ್ಯೂರಿ ಬಿಟ್ಟವನಿಗೆ ಜೀವಾವಧಿ ಹೇಗಾಯಿತು?

ಪರದೆಯ ಹಿಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 2019ರಲ್ಲಿ ಬಂದ ‘ದ ವರ್ಡಿಕ್ಟ್: ಸ್ಟೇಟ್ ವರ್ಸಸ್ ನಾನಾವತಿ’ ಸರಣಿಯ ಹತ್ತೂ ಕಂತು ನೋಡಿ ಮುಗಿಸಿದೆವು. 1959ರಲ್ಲಿ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡು ಹೊಡೆದು ಕೊಂದ ನೌಕಾಪಡೆಯ ಅಧಿಕಾರಿ ನಾನಾವತಿಯ ಕೇಸು ಅದು. ಮಾನವ್ ಕೌಲ್ ನಾನಾವತಿ, ಅಂಗದ್ ಬೇಡಿ ಡಿಫೆನ್ಸ್ ವಕೀಲ ಕಾರ್ಲ್ ಖಂಡಾಲಾವಾಲಾ, ಸುಮೀತ್ ವ್ಯಾಸ್ ಅಹುಜಾ ಕಡೆಯ ವಕೀಲ ರಾಮ್ ಜೇಠ್ಮಲಾನಿ. ಕಾನೂನು ಕಾಲೇಜಿನ ನಮ್ಮ ತಂಡ ಇದೇ ಕೇಸಿನ ಮೇಲೆ ಐವತ್ತು ನಿಮಿಷದ ಕನ್ನಡ ನಾಟಕ ಕಟ್ಟಬೇಕೆಂದಿದೆ. ಸರಣಿಯ ದೃಶ್ಯಗಳನ್ನು ಎತ್ತಿಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟಿನ 1961ರ ತೀರ್ಪನ್ನೇ ಎದುರಿಗಿಟ್ಟುಕೊಂಡು ಬರೆಯಬೇಕೆಂದು ಕುಳಿತರೆ ಹತ್ತು ಪುಟ ದಾಟುವಷ್ಟರಲ್ಲಿ ತಲೆ ಗಿರ್ ಎನ್ನುತ್ತಿದೆ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಒಂದು, ತೀರ್ಮಾನ ಹೇಳಲು ಕೂರಿಸಿದ ಒಂಬತ್ತು ಜನಸಾಮಾನ್ಯರ ಜ್ಯೂರಿಯಲ್ಲಿ ಎಂಟು ಜನ ‘ಅಪರಾಧಿಯಲ್ಲ’ ಅಂದರು. ಆಮೇಲೂ ಹೈಕೋರ್ಟ್ ಅದೇ ಆರೋಪಕ್ಕೆ ಶಿಕ್ಷೆ ಕೊಟ್ಟಿತು. ಒಮ್ಮೆ ಖುಲಾಸೆಯಾದವನನ್ನು ಮತ್ತೆ ಕಟಕಟೆಗೆ ಹತ್ತಿಸಲು ಬರುತ್ತದೆಯೇ? ಎರಡು, ಸತ್ತ ಅಹುಜಾನ ಸೊಂಟದಲ್ಲಿದ್ದ ಟವೆಲ್ ಬಗ್ಗೆ ಎಲ್ಲರೂ ಟವೆಲ್ ಟವೆಲ್ ಅನ್ನುತ್ತಾರೆ. ಕೇಸು ನಿಜವಾಗಿ ಟವೆಲ್ ಮೇಲೆ ನಿಂತಿತ್ತೇ? ಮೂರು, ಜೇಠ್ಮಲಾನಿ ಸರ್ಕಾರಿ ವಕೀಲರೇ ಅಲ್ಲ ಅಂದಮೇಲೆ ನಮ್ಮ ನಾಟಕದಲ್ಲಿ ಅವರಿಂದ ಎಷ್ಟು ಮಾತಾಡಿಸಬಹುದು? ನಾಲ್ಕು, ಇದೇ ದೇಶದ ಕೊನೆಯ ಜ್ಯೂರಿ ಕೇಸು ಅನ್ನುವುದು ನಿಜವೇ? ರಂಗಸಜ್ಜಿಕೆಯಲ್ಲಿ ಎಡವುವ ಜಾಗಗಳಿದ್ದರೆ ಅದನ್ನೂ ತಿಳಿಸಿ.

ಸೆಷನ್ಸ್ ದಾರಿ

ಮೊದಲ ಪ್ರಶ್ನೆಯಲ್ಲೇ ಅರ್ಧ ಗೋಜಲಿದೆ, ಅದನ್ನು ಬಿಡಿಸೋಣ. ನಾನಾವತಿಗೆ ಖುಲಾಸೆ ಆಗಲೇ ಇಲ್ಲ. ಜ್ಯೂರಿಯ ಅಭಿಪ್ರಾಯವೇ ಬೇರೆ, ಕೋರ್ಟಿನ ತೀರ್ಪೇ ಬೇರೆ. ಆಗ ಜಾರಿಯಲ್ಲಿದ್ದದ್ದು 1898ರ ದಂಡ ಪ್ರಕ್ರಿಯಾ ಸಂಹಿತೆ. ಜ್ಯೂರಿ ಹೇಳಿದ್ದನ್ನು ಸೆಷನ್ಸ್ ನ್ಯಾಯಾಧೀಶರು ಒಪ್ಪಿದರೆ 306ನೇ ಕಲಮಿನಡಿ ಅದರಂತೆ ತೀರ್ಪು ಬರೆಯಬೇಕು. ಒಪ್ಪದೇ ಹೋದರೆ, ನ್ಯಾಯ ಉಳಿಯಲು ಹೈಕೋರ್ಟಿಗೆ ಕಳಿಸಲೇಬೇಕೆಂದು ಅವರಿಗೆ ಸ್ಪಷ್ಟವಾಗಿ ಅನಿಸಿದರೆ, 307ನೇ ಕಲಮಿನಡಿ ತಮ್ಮ ಕಾರಣಗಳನ್ನು ಬರೆದು ಇಡೀ ಕೇಸನ್ನು ಹೈಕೋರ್ಟಿಗೆ ಒಪ್ಪಿಸಬೇಕು. ಹಾಗೆ ಒಪ್ಪಿಸುವಾಗ ಅವರು ಖುಲಾಸೆಯನ್ನಾಗಲಿ ಶಿಕ್ಷೆಯನ್ನಾಗಲಿ ದಾಖಲಿಸುವಂತಿಲ್ಲ ಎಂದು 307ರ ಎರಡನೇ ಉಪಕಲಮು ಹೇಳುತ್ತದೆ. ಆರೋಪಿಯನ್ನು ಕಸ್ಟಡಿಗೆ ಕಳಿಸಬಹುದು ಅಥವಾ ಜಾಮೀನು ಕೊಡಬಹುದು, ಅಷ್ಟೇ.

ಸೆಷನ್ಸ್ ನ್ಯಾಯಾಧೀಶ ಆರ್.ಬಿ. ಮೆಹ್ತಾ ಮಾಡಿದ್ದು ಅದನ್ನೇ. ತೀರ್ಪೇ ಹುಟ್ಟದಿರುವಾಗ ‘ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ’ ಎಂಬ ತಕರಾರು ಏಳುವುದಿಲ್ಲ. ಹೈಕೋರ್ಟಿನಲ್ಲಿ ನಡೆದದ್ದು ಹೊಸ ವಿಚಾರಣೆಯಲ್ಲ, ಅದೇ ವಿಚಾರಣೆಯ ಉಳಿದ ಭಾಗ. ನಿಮ್ಮ ನಾಟಕದಲ್ಲಿ ಜ್ಯೂರಿಯ ಮುಖ್ಯಸ್ಥ ಎದ್ದು ‘ಅಪರಾಧಿಯಲ್ಲ’ ಅಂದ ಕೂಡಲೇ ನಾನಾವತಿ ಕಟಕಟೆಯಿಂದ ಇಳಿದು ಹೆಂಡತಿಯ ಕೈ ಹಿಡಿದುಕೊಂಡು ಹೊರಟರೆ ತಪ್ಪಾಗುತ್ತದೆ. ಇದೇ ಕೇಸಿನ ನೆರಳಲ್ಲಿ 2016ರಲ್ಲಿ ಬಂದ ಹಿಂದಿ ಸಿನಿಮಾ ಜ್ಯೂರಿಯ ಮಾತಿಗೇ ಮುಗಿಯುತ್ತದಾದ್ದರಿಂದ ತುಂಬಾ ಜನರ ತಲೆಯಲ್ಲಿ ಆ ಚಿತ್ರವೇ ಕೂತಿದೆ.

ಇನ್ನೊಂದು ಸೂಕ್ಷ್ಮ. ಜ್ಯೂರಿ ಕೇಸಿನಲ್ಲಿ ಮಾಮೂಲು ಮೇಲ್ಮನವಿಯಾದರೆ ಕಾನೂನಿನ ಅಂಶ ಮಾತ್ರ ಎತ್ತಬಹುದಿತ್ತು. 307ರ ಒಪ್ಪಿಸುವಿಕೆಯಲ್ಲಿ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ತಾನೇ ತೂಗಬಹುದು. ಡಿಫೆನ್ಸ್ ಸುಪ್ರೀಂ ಕೋರ್ಟಿನಲ್ಲಿ ಜಗ್ಗಾಡಿದ್ದು ಬಹುಪಾಲು ಈ ಜಾಗದಲ್ಲಿ. ನಿಮಗೆ ತಲೆ ತಿರುಗಿಸುತ್ತಿರುವ ಮೊದಲ ಭಾಗದ ಪುಟಗಳು ಇದರವೇ. ನಾಟಕಕ್ಕೆ ಆ ಭಾಗ ಬೇಡ. ಘಟನೆಯ ವಿವರ ಓದಿಕೊಂಡು ನೇರ ಆಕಸ್ಮಿಕದ 80ನೇ ಕಲಮು, ರುಜುವಾತಿನ ಹೊಣೆಯ 105ನೇ ಕಲಮಿನ ಚರ್ಚೆಗೆ ಹೋಗಿ, ಅಲ್ಲಿಂದ ಸಾಕ್ಷ್ಯದ ವಿಶ್ಲೇಷಣೆಗೆ, ಕೊನೆಗೆ ಪ್ರಚೋದನೆಯ ಭಾಗಕ್ಕೆ.

ಪರದೆಯ ಹಿಂದೆ

ಸರ್, ತುಂಬಾ ಉಪಕಾರ. ಒಂದು ಸಂಶಯ ಉಳಿಯಿತು. ನ್ಯಾಯಾಧೀಶರಿಗೆ ಒಪ್ಪಿಗೆಯಾಗದಿದ್ದರೆ ಜ್ಯೂರಿಯ ಮಾತಿಗೆ ಬೆಲೆಯೇ ಇಲ್ಲವೆಂದಾಯಿತಲ್ಲ?

ಸೆಷನ್ಸ್ ದಾರಿ

ಬೆಲೆ ಇತ್ತು. ಜ್ಯೂರಿಯ ಅಭಿಪ್ರಾಯಕ್ಕೂ ನ್ಯಾಯಾಧೀಶರ ಅಭಿಪ್ರಾಯಕ್ಕೂ ಸಲ್ಲಬೇಕಾದ ತೂಕ ಕೊಟ್ಟ ಮೇಲೆಯೇ ಹೈಕೋರ್ಟ್ ತನ್ನ ನಿರ್ಧಾರಕ್ಕೆ ಬರಬೇಕಿತ್ತು. ಬಾಂಬೆ ಹೈಕೋರ್ಟಿನ ಶೇಲತ್ ಮತ್ತು ನಾಯಕ್ ಇಬ್ಬರೂ ಬೇರೆ ಬೇರೆ ತೀರ್ಪು ಬರೆದರು, ಮುಟ್ಟಿದ ಜಾಗ ಒಂದೇ. ನ್ಯಾಯಾಧೀಶರು ಜ್ಯೂರಿಗೆ ಕಾನೂನು ವಿವರಿಸುವಾಗಲೇ ತಪ್ಪಿದ್ದಾರೆ ಎಂದು ಶೇಲತ್ ಕಂಡುಕೊಂಡು ಸಾಕ್ಷ್ಯವನ್ನೆಲ್ಲ ತಾವೇ ಪರಿಶೀಲಿಸಿದರು. ವಿಚಾರವಂತರ ಯಾವ ಗುಂಪೂ ಈ ಸಾಕ್ಷ್ಯದ ಮೇಲೆ ಇಂಥ ತೀರ್ಮಾನಕ್ಕೆ ಬರಲು ಸಾಧ್ಯವಿರಲಿಲ್ಲ ಎಂಬ ಎರಡನೇ ದಾರಿಯನ್ನು ನಾಯಕ್ ಹಿಡಿದರು. ಕೊಲೆಗೆ ಶಿಕ್ಷೆ ಹೇಳುವ ದಂಡ ಸಂಹಿತೆಯ 302ನೇ ಕಲಮಿನಡಿ ಕಠಿಣ ಜೀವಾವಧಿ ಶಿಕ್ಷೆ. ದಿನ 1960ರ ಮಾರ್ಚ್ 11. ಸುಪ್ರೀಂ ಕೋರ್ಟಿನಲ್ಲಿ ಎಸ್.ಕೆ. ದಾಸ್, ಕೆ. ಸುಬ್ಬರಾವ್, ರಘುಬರ್ ದಯಾಳ್ ಅವರ ಪೀಠ 1961ರ ನವೆಂಬರ್ 24ರಂದು ಅದನ್ನೇ ಎತ್ತಿಹಿಡಿಯಿತು.

ನಾಟಕಕ್ಕೆ ನಿಜವಾದ ಬೀಜ ಇರುವುದು ಶೇಲತ್ ಹಿಡಿದ ಆ ತಪ್ಪಿನಲ್ಲಿ. ಜ್ಯೂರಿ ಒಳಗೆ ಹೋಗುವ ಮೊದಲು ನ್ಯಾಯಾಧೀಶರು ಸಾಕ್ಷ್ಯದ ಸಾರ ಹೇಳಿ, ಯಾವ ಪ್ರಶ್ನೆಗೆ ಯಾರು ರುಜುವಾತು ಕೊಡಬೇಕು ಎಂದು ವಿವರಿಸುತ್ತಿದ್ದರು. ಅದಕ್ಕೂ ‘ಚಾರ್ಜ್’ ಎಂದೇ ಹೆಸರು. ಆರೋಪಿಯ ಮೇಲೆ ಹೊರಿಸುವ ಚಾರ್ಜಿಗೂ ಇದಕ್ಕೂ ಸಂಬಂಧವಿಲ್ಲ, ತೀರ್ಪು ಓದುವಾಗ ಹುಷಾರಾಗಿರಿ.

ಡಿಫೆನ್ಸ್ ಹೇಳಿದ್ದು ಇದು: ಕೈಕೈ ಮಿಲಾಯಿಸಿದಾಗ ರಿವಾಲ್ವರ್ ಆಕಸ್ಮಿಕವಾಗಿ ಹಾರಿತು. ಆಕಸ್ಮಿಕ ಎಂದರೆ ದಂಡ ಸಂಹಿತೆಯ 80ನೇ ಕಲಮು. ಆ ಕಲಮಿನ ರಕ್ಷಣೆ ಸಿಗಬೇಕಾದರೆ ಸುಮ್ಮನೆ ‘ಗೊತ್ತಿಲ್ಲದೆ ಆಯಿತು’ ಅಂದರೆ ಸಾಲದು. ಅಪರಾಧದ ಉದ್ದೇಶವಾಗಲಿ ಅರಿವಾಗಲಿ ಇರಬಾರದು, ಮಾಡುತ್ತಿದ್ದ ಕೆಲಸ ಕಾನೂನುಬದ್ಧವಾಗಿರಬೇಕು, ಮಾಡಿದ ರೀತಿ ಮತ್ತು ಬಳಸಿದ ಸಾಧನವೂ ಕಾನೂನಿಗೆ ಸಲ್ಲುವಂಥದ್ದಾಗಿರಬೇಕು, ತಕ್ಕ ಎಚ್ಚರಿಕೆಯನ್ನೂ ವಹಿಸಿರಬೇಕು. ಗುಂಡು ತುಂಬಿದ ರಿವಾಲ್ವರ್ ಹಿಡಿದು ಇನ್ನೊಬ್ಬರ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡವರಿಗೆ ಈ ನಾಲ್ಕನ್ನೂ ದಾಟುವುದು ಎಷ್ಟು ಕಷ್ಟ ನೋಡಿ. ಇಂಥ ವಿನಾಯಿತಿಯನ್ನು ತೋರಿಸಿಕೊಡುವ ಹೊಣೆ ಸಾಕ್ಷ್ಯ ಅಧಿನಿಯಮದ 105ನೇ ಕಲಮಿನಂತೆ ಆರೋಪಿಯದು. ಮೆಹ್ತಾ ಅವರು 80ರ ಅಂಗಾಂಗಗಳನ್ನೂ 105ರ ಹೊಣೆಯನ್ನೂ ಜ್ಯೂರಿಗೆ ಬಿಡಿಸಿ ಹೇಳಿರಲಿಲ್ಲ. ಹೊಣೆ ಎಲ್ಲವೂ ಪ್ರಾಸಿಕ್ಯೂಷನ್ನಿನದೇ ಎಂಬ ಭಾವನೆಯಲ್ಲಿ ಜ್ಯೂರಿ ಒಳಗೆ ಹೋಯಿತು.

ಆದರೂ ಸುಬ್ಬರಾವ್ ಒಂದು ಮಾತನ್ನು ಕಾಪಾಡಿದರು. ಆರೋಪಿ ಕೊಟ್ಟ ಸಾಕ್ಷ್ಯ 105ರ ಹೊಣೆಯನ್ನು ಪೂರ್ತಿ ತೀರಿಸದಿದ್ದರೂ, ಕೊಲ್ಲುವ ಉದ್ದೇಶವಿತ್ತೇ ಎಂಬ ಬಗ್ಗೆ ಸಕಾರಣ ಸಂಶಯ ಹುಟ್ಟಿಸಿದರೆ ಅದರ ಲಾಭ ಅವನಿಗೇ ಸಿಗಬೇಕು. ಇವತ್ತಿಗೂ ವಕೀಲರು ಈ ತೀರ್ಪನ್ನು ಉದ್ಧರಿಸುವುದು ಹೆಚ್ಚಾಗಿ ಈ ಮಾತಿಗಾಗಿ ಮತ್ತು ಪ್ರಚೋದನೆಯ ಭಾಗಕ್ಕಾಗಿ.

ಗಂಡಭೇರುಂಡ

ನನ್ನ ಮಟ್ಟಿಗೆ ಈ ಕೇಸು ಗಡಿಯಾರದ್ದು. ಸರಣಿ ನೋಡಿದವರು ವಕೀಲರ ವಾಗ್ವಾದ ನೆನಪಿಟ್ಟುಕೊಳ್ಳುತ್ತಾರೆ. ತೀರ್ಪು ಓದಿದವರಿಗೆ ಉಳಿಯುವುದು ಎರಡು ಹೊತ್ತು: ಮಧ್ಯಾಹ್ನ 1.30, ಸಂಜೆ 4.20.

1959ರ ಏಪ್ರಿಲ್ 27. ನಾನಾವತಿ ಆಗ ಐಎನ್‌ಎಸ್ ಮೈಸೂರು ಯುದ್ಧನೌಕೆಯ ಎರಡನೇ ಅಧಿಕಾರಿ. (ಬ್ರಿಟನ್ನಿನಿಂದ ಕೊಂಡು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಂಡ ಕ್ರೂಸರ್ ಅದು. ಅದರ ಲಾಂಛನದಲ್ಲಿದ್ದದ್ದು ನಮ್ಮ ಗಂಡಭೇರುಂಡವೇ.) ಊಟದ ಹೊತ್ತಿನಲ್ಲಿ ಹೆಂಡತಿ ಸಿಲ್ವಿಯಾ, ಪ್ರೇಮ್ ಅಹುಜಾ ಜೊತೆಗಿನ ಸಂಬಂಧ ಒಪ್ಪಿಕೊಂಡಳು. ಅಲ್ಲಿಂದ ಮುಂದಿನ ದಾರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಗೋಡೆಗೆ ಅಂಟಿಸಿ, ನಿಮ್ಮ ನಟರು ದಿನಾ ನೋಡಲಿ:

1.30ಕ್ಕೆ ಮನೆ ಬಿಟ್ಟದ್ದು. ಹೆಂಡತಿಯನ್ನೂ ಮಕ್ಕಳನ್ನೂ ಮೆಟ್ರೋ ಟಾಕೀಸಿನ ಮ್ಯಾಟಿನಿಗೆ ಬಿಟ್ಟು, ಆಟ ಮುಗಿಯುವ ಆರು ಗಂಟೆಗೆ ಬರುತ್ತೇನೆ ಎಂದದ್ದು. ಅಲ್ಲಿಂದ ಹಡಗಿಗೆ. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರು ಓಡಿಸಿಕೊಂಡು ಹೋಗಬೇಕು ಎಂದು ಹೇಳಿ ಹಡಗಿನ ಉಗ್ರಾಣದಿಂದ ಒಂದು ರಿವಾಲ್ವರ್, ಆರು ಗುಂಡು ಪಡೆದದ್ದು. ಅದನ್ನು ಕಂದು ಬಣ್ಣದ ಲಕೋಟೆಯಲ್ಲಿ ಇಟ್ಟುಕೊಂಡದ್ದು. ಮೊದಲು ಅಹುಜಾನ ಆಫೀಸಿಗೆ ಹೋದದ್ದು, ಅವನು ಅಲ್ಲಿರಲಿಲ್ಲ. ಆಮೇಲೆ ಸೆಟಲ್ವಾಡ್ ರಸ್ತೆಯ ಜೀವನ್ ಜ್ಯೋತ್ ಕಟ್ಟಡ. ಆಳು ಬಾಗಿಲು ತೆಗೆದ, ಇವರು ನೇರ ಮಲಗುವ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡರು. ಹೊತ್ತು 4.20.

ಎರಡು ಗಂಟೆ ಐವತ್ತು ನಿಮಿಷ. ದಂಡ ಸಂಹಿತೆಯ 300ನೇ ಕಲಮಿನ ಮೊದಲ ಅಪವಾದ ಏನು ಹೇಳುತ್ತದೆಂದರೆ, ಗಂಭೀರವಾದ, ಥಟ್ಟನೆ ಎರಗಿದ ಪ್ರಚೋದನೆಯಿಂದ ಹಿಡಿತ ತಪ್ಪಿ ಕೊಂದರೆ ಅದು ಕೊಲೆಯಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪರಾಧ. ಸುಪ್ರೀಂ ಕೋರ್ಟ್ ಇದಕ್ಕೆ ಅಳತೆಗೋಲು ಹಾಕಿಕೊಟ್ಟಿತು. ಆರೋಪಿ ಯಾವ ಸಮಾಜದವನೋ ಅದೇ ಸಮಾಜದ ವಿಚಾರವಂತ ಮನುಷ್ಯ ಆ ಸ್ಥಿತಿಯಲ್ಲಿ ಹಿಡಿತ ಕಳೆದುಕೊಳ್ಳುತ್ತಿದ್ದನೇ ಎಂದು ನೋಡಬೇಕು. ನಮ್ಮ ದೇಶದಲ್ಲಿ ಬರೀ ಮಾತು, ಬರೀ ಸನ್ನೆ ಕೂಡ ಸಂದರ್ಭ ನೋಡಿ ಪ್ರಚೋದನೆ ಆಗಬಹುದು. ಸತ್ತವನು ಹಿಂದೆ ಮಾಡಿದ್ದರಿಂದ ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿಯಬಹುದು. ಆದರೆ ಸಾವಿಗೆ ಕಾರಣವಾದ ಏಟು ಆ ಕಾವಿನಲ್ಲೇ ಬಿದ್ದಿರಬೇಕು. ಹೊತ್ತು ಕಳೆದು ಕಾವು ಆರಿ, ಯೋಚನೆ ಹಾಕಲು ಜಾಗ ಸಿಕ್ಕಿದ ಮೇಲೆ ಬಿದ್ದದ್ದು ಇದರೊಳಗೆ ಬರುವುದಿಲ್ಲ.

ಮೊದಲ ಮೂರರಲ್ಲಿ ನಾನಾವತಿಗೆ ಅವಕಾಶವಿತ್ತು. ಕೊನೆಯದರಲ್ಲಿ ಸೋತರು. ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು ವಾಪಸು ಕರೆದೊಯ್ಯುವ ಹೊತ್ತು ಹೇಳುವವರು, ಉಗ್ರಾಣದಲ್ಲಿ ಒಪ್ಪುವಂಥ ಕಾರಣ ಹೇಳಿ ಆಯುಧ ಪಡೆಯುವವರು, ಆಫೀಸಿನಲ್ಲಿ ಸಿಗದಿದ್ದಾಗ ಮನೆಗೆ ಹುಡುಕಿಕೊಂಡು ಹೋಗುವವರು ಹಿಡಿತ ತಪ್ಪಿದವರಲ್ಲ ಎಂದು ಕೋರ್ಟ್ ಕಂಡಿತು. ಡಿಫೆನ್ಸಿನ ಕಥೆಯಲ್ಲಿ, ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತೀಯಾ ಎಂದು ನಾನಾವತಿ ಕೇಳಿದಾಗ, ಮಲಗಿದವರನ್ನೆಲ್ಲ ಮದುವೆಯಾಗಬೇಕೇ ಎಂದು ಅಹುಜಾ ಅಂದನೆಂದಿದೆ. ಸರಣಿಯಾಗಲಿ ಸಿನಿಮಾವಾಗಲಿ ಈ ಮಾತನ್ನು ಬಿಡುವುದು ಕಷ್ಟ. ಆದರೆ ತಾನೇ ಬೈದು ಬಾಯಿಗೆ ಬಂದ ಉತ್ತರ ಪಡೆದದ್ದು ಕೊಲೆಗೆ ಪ್ರಚೋದನೆ ಆಗಲಾರದು ಎಂದು ತೀರ್ಪು ಅದನ್ನು ಬದಿಗಿಟ್ಟಿತು.

ಇನ್ನೊಂದು ಕಡೆ ಕಣ್ಣಿಡಿ. ‘ಆಕಸ್ಮಿಕವಾಗಿ ಹಾರಿತು’ ಮತ್ತು ‘ಕೋಪ ತಡೆಯಲಾರದೆ ಹೊಡೆದೆ’ ಒಂದನ್ನೊಂದು ಕಡಿಯುವ ಮಾತುಗಳು. ಮೊದಲನೆಯದರಲ್ಲಿ ಉದ್ದೇಶವೇ ಇಲ್ಲ, ಎರಡನೆಯದರಲ್ಲಿ ಉದ್ದೇಶ ಇದೆ, ಕ್ಷಮೆಯೂ ಬೇಕು. ಡಿಫೆನ್ಸ್ ಎರಡನ್ನೂ ಇಟ್ಟಿತು, ಪರ್ಯಾಯ ವಾದಕ್ಕೆ ಕಾನೂನಿನಲ್ಲಿ ಅಡ್ಡಿಯಿಲ್ಲ. ನಿಮ್ಮ ಖಂಡಾಲಾವಾಲಾ ಪಾತ್ರ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಪ್ರೇಕ್ಷಕರು ದಾರಿ ತಪ್ಪುತ್ತಾರೆ. ಮೊದಲು ಆಕಸ್ಮಿಕ, ಆಮೇಲೆ ‘ಒಂದು ವೇಳೆ ತಾವು ಅದನ್ನು ಒಪ್ಪದಿದ್ದರೆ’ ಎಂದು ತಡೆದು ಪ್ರಚೋದನೆಗೆ ಬರಲಿ.

ಶವಾಗಾರದ ದೀಪ

ಟವೆಲ್ ಬಗ್ಗೆ. ಅಹುಜಾ ಸ್ನಾನ ಮುಗಿಸಿ ಬಂದಿದ್ದ, ಸೊಂಟಕ್ಕೆ ಟವೆಲ್ ಮಾತ್ರ. ಹೆಣ ಸಿಕ್ಕಾಗ ಟವೆಲ್ ಸಡಿಲವೂ ಆಗಿರಲಿಲ್ಲ, ಬಿದ್ದೂ ಇರಲಿಲ್ಲ. ಇಬ್ಬರು ಗಂಡಸರು ರಿವಾಲ್ವರಿಗಾಗಿ ಕಿತ್ತಾಡಿದ್ದರೆ ಸಿಕ್ಕಿಸಿದ ಟವೆಲ್ ನಿಲ್ಲುತ್ತದೆಯೇ ಎಂಬುದು ಪ್ರಾಸಿಕ್ಯೂಷನ್ನಿನ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಆದರೆ ಅದು ಹಲವು ಕೊಂಡಿಗಳಲ್ಲಿ ಒಂದು. ಒಂಟಿಯಾಗಿ ಟವೆಲ್ ಏನನ್ನೂ ಸಾಬೀತು ಮಾಡುವುದಿಲ್ಲ.

ಗಾಯಗಳನ್ನು ನೋಡಿ, ಅವು ಹೆಚ್ಚು ಮಾತಾಡುತ್ತವೆ. ಒಂದು ಎದೆಗೆ, ಬಲ ಕೊರಳೆಲುಬಿನ ಒಳತುದಿಯ ಕೆಳಗೆ, ಕಾಲು ಇಂಚಿನ ತೂತು, ಎದೆಗೂಡಿನೊಳಗೆ ಹೊಕ್ಕದ್ದು. ಇನ್ನೊಂದು ಎಡಗೈಯ ಉಂಗುರಬೆರಳು ಕಿರುಬೆರಳುಗಳ ನಡುವಿನ ಸಂದಿಯಲ್ಲಿ, ಒಂದು ಬದಿ ಹೊಕ್ಕು ಅಂಗೈ ಬದಿ ಸೇರಿಕೊಂಡದ್ದು. ಮತ್ತೊಂದು ತಲೆಯ ಎಡ ಮೇಲ್ಭಾಗದಲ್ಲಿ, ಓರೆಯಾಗಿ ಸೀಳಿ ಬುರುಡೆ ಮುಟ್ಟಿದ್ದು. ಇವಲ್ಲದೆ ಎಡ ತೋರುಬೆರಳ ಗೆಣ್ಣಿನ ಮೇಲೆ ತರಚಿದ ಗಾಯ, ಅದರ ಸುತ್ತ ಚರ್ಮದಲ್ಲಿ ಕೂತ ಇಂಗಾಲದ ಚುಕ್ಕೆಗಳು.

ಆ ಚುಕ್ಕೆಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಗುಂಡು ಹಾರಿದಾಗ ನಳಿಕೆಯಿಂದ ಸೀಸದ ಜೊತೆ ಹೊಗೆ, ಮಸಿ, ಪೂರ್ತಿ ಉರಿಯದ ಮದ್ದಿನ ಕಣಗಳು ಬರುತ್ತವೆ. ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಚರ್ಮದೊಳಗೆ ನಾಟಿದ ಕಣಗಳು ಹಚ್ಚೆಯ ಹಾಗೆ ಉಳಿಯುತ್ತವೆ. ಹಚ್ಚೆ ಬಿದ್ದಿದ್ದರೆ ಆ ಬೆರಳು ನಳಿಕೆಗೆ ಹತ್ತಿರವಿತ್ತು ಎಂದರ್ಥ. ಹತ್ತಿರವಿತ್ತು ಎಂಬುದಷ್ಟೇ ಅದು ಹೇಳುವುದು, ಕೈ ಅಲ್ಲಿಗೆ ಯಾಕೆ ಬಂತು ಎಂದು ಹೇಳುವುದಿಲ್ಲ. ಕಸಿಯಲು ಬಂದ ಕೈಗೂ ಹೀಗೇ ಆಗುತ್ತದೆ, ಗುಂಡು ತಡೆಯಲು ಎದೆಯ ಮುಂದೆ ಎತ್ತಿದ ಕೈಗೂ ಹೀಗೇ ಆಗುತ್ತದೆ. ನಿಮ್ಮ ನಾಟಕದ ಡಾಕ್ಟರನ್ನು ‘ಇದು ಹೋರಾಟದ ಗುರುತು’ ಅಥವಾ ‘ಹೋರಾಟ ನಡೆದೇ ಇಲ್ಲ’ ಎಂದು ಖಚಿತವಾಗಿ ಹೇಳಿಸಬೇಡಿ. ಮುಖ್ಯ ವಿಚಾರಣೆಯಲ್ಲಿ ಗಾಯದ ಜಾಗ, ಅಳತೆ, ದಿಕ್ಕು. ಪಾಟಿ ಸವಾಲಿನಲ್ಲಿ ‘ಹೀಗೂ ಆಗಿರಬಹುದಲ್ಲವೇ’ ಎಂಬ ಪ್ರಶ್ನೆಗೆ ‘ಆಗಿರಬಹುದು’. ಮರು ವಿಚಾರಣೆಯಲ್ಲಿ ಸರ್ಕಾರಿ ವಕೀಲರಿಂದ ‘ಕೈ ಅಡ್ಡ ಹಿಡಿದಿದ್ದರೂ ಇದೇ ಗಾಯ ಆಗುತ್ತಿತ್ತಲ್ಲವೇ’. ವೈದ್ಯಕೀಯ ಸಾಕ್ಷಿ ನಡೆಯುವುದು ಹೀಗೆ, ಈ ಎಳೆದಾಟದಲ್ಲೇ ಬೇಕಾದಷ್ಟು ಬಿಗಿ ಇದೆ.

ರಿವಾಲ್ವರ್ ಕೂಡ ಹಾಗೇ. ಪ್ರತಿ ಗುಂಡಿಗೂ ಕುದುರೆಯನ್ನು (ಟ್ರಿಗರ್) ಹೊಸದಾಗಿ ಎಳೆಯಬೇಕು. ಕಿತ್ತಾಟದಲ್ಲಿ ಒಂದು ಸಲ ಬೆರಳು ಒತ್ತಿಹೋಗಬಹುದು. ಕೆಲವೇ ಕ್ಷಣದಲ್ಲಿ ಮತ್ತೆ ಮತ್ತೆ ಒತ್ತಿ, ಒತ್ತಿದಾಗೆಲ್ಲ ಎದುರಿನವನಿಗೇ ತಗುಲಿ, ಹಿಡಿದವನಿಗೆ ಏನೂ ಆಗದಿರುವುದನ್ನು ಆಕಸ್ಮಿಕ ಎಂದು ಒಪ್ಪಿಸುವುದು ಬೆಟ್ಟ ಹತ್ತಿದ ಹಾಗೆ. ಪ್ರಾಸಿಕ್ಯೂಷನ್ ಮೂರು ಗುಂಡು ಅಂದಿತು, ಡಿಫೆನ್ಸಿನ ಕಥೆಯಲ್ಲಿ ಎರಡು. ಶಬ್ದ ಪರಿಣಾಮ ಹಾಕುವವರಿಗೆ ಮೊದಲೇ ಹೇಳಿಡಿ: ಪ್ರಾಸಿಕ್ಯೂಷನ್ ವಾದದ ಮರುಸೃಷ್ಟಿಯಲ್ಲಿ ಮೂರು, ಡಿಫೆನ್ಸಿನದರಲ್ಲಿ ಎರಡು. ಇಷ್ಟು ಮಾಡಿದರೆ ಪ್ರೇಕ್ಷಕರು ತಾವೇ ಎಣಿಸುತ್ತಾರೆ.

ಸೆಷನ್ಸ್ ದಾರಿ

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗುಂಡು ಹಾರಿದ ಮೇಲೆ ನಾನಾವತಿ ಕಟ್ಟಡದ ಕಾವಲುಗಾರನ ಹತ್ತಿರ, ನೌಕಾಪಡೆಯ ಪ್ರೊವೋಸ್ಟ್ ಮಾರ್ಷಲ್ (ನೌಕಾ ಪೊಲೀಸ್ ಅಧಿಕಾರಿ) ಹತ್ತಿರ, ಆಮೇಲೆ ಪೊಲೀಸ್ ಉಪ ಆಯುಕ್ತ ಲೋಬೋ ಹತ್ತಿರ ಮಾತಾಡಿದ್ದಾರೆ. ಮಾರ್ಷಲ್‌ಗೆ ಹೇಳಿದ್ದು, ಏನಾಯಿತೆಂದು ಸರಿಯಾಗಿ ತಿಳಿಯದು, ಒಬ್ಬನಿಗೆ ಗುಂಡು ಹೊಡೆದೆ ಅನಿಸುತ್ತದೆ ಎಂಬ ಅರ್ಥದಲ್ಲಿ. ಇವರಲ್ಲಿ ಯಾರಿಗೂ ‘ಆಕಸ್ಮಿಕವಾಗಿ ಆಯಿತು’ ಎಂಬ ಮಾತು ಹೇಳಲಿಲ್ಲವಲ್ಲ ಎಂಬುದು ಕೋರ್ಟಿಗೆ ದೊಡ್ಡದಾಗಿ ಕಂಡಿತು. ಟವೆಲ್‌ಗಿಂತ ಈ ಮೌನ ಭಾರ ಎಂದು ನನ್ನ ಅನಿಸಿಕೆ.

ಮೂರನೇ ಪ್ರಶ್ನೆ. ಸರ್ಕಾರಿ ಅಭಿಯೋಜಕರು ಸಿ.ಎಂ. ತ್ರಿವೇದಿ. ಜೇಠ್ಮಲಾನಿ ಅಹುಜಾನ ಸಹೋದರಿ ಮಾಮಿ ಪರವಾಗಿ ನೇಮಕಗೊಂಡವರು. ಖಾಸಗಿ ವಕೀಲರು ಸರ್ಕಾರಿ ಅಭಿಯೋಜಕರ ನಿರ್ದೇಶನದಡಿಯಲ್ಲೇ ಕೆಲಸ ಮಾಡಬೇಕು. ಆಗಿನ ಸಂಹಿತೆಯಲ್ಲಿ ಇದು 493ನೇ ಕಲಮು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 338. ಜೇಠ್ಮಲಾನಿಗೆ ನೀವು ಜ್ಯೂರಿಯ ಮುಂದೆ ಉದ್ದುದ್ದ ಭಾಷಣ ಬರೆದರೆ ಕಾನೂನು ಬಲ್ಲವರು ಮೊದಲ ಸಾಲಿನಲ್ಲೇ ಮುಖ ಗಂಟಿಕ್ಕುತ್ತಾರೆ. ಅವರನ್ನು ತ್ರಿವೇದಿಯವರ ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಚೀಟಿ ದಾಟಿಸಲಿ, ಕಿವಿಯಲ್ಲಿ ಹೇಳಲಿ, ಮಧ್ಯಂತರದಲ್ಲಿ ವರಾಂಡದಲ್ಲಿ ಚರ್ಚೆ ಮಾಡಲಿ. ಪ್ರಶ್ನೆ ತ್ರಿವೇದಿಯವರ ಬಾಯಲ್ಲಿ ಬರಲಿ.

ನೇಪಥ್ಯದ ಲೆಕ್ಕ

ಸಜ್ಜಿಕೆಗೆ ಬರೋಣ. ನಮ್ಮ ಕೋರ್ಟುಗಳಲ್ಲಿ ನ್ಯಾಯಾಧೀಶರು ಮರದ ಸುತ್ತಿಗೆ ಕುಟ್ಟುವುದಿಲ್ಲ, ಅದನ್ನು ಪ್ರಾಪರ್ಟಿ ಪಟ್ಟಿಯಿಂದ ಈಗಲೇ ಹೊಡೆದುಹಾಕಿ. ಜ್ಯೂರಿಗೆ ಒಂಬತ್ತು ಕುರ್ಚಿ ಬೇಕೇ ಬೇಕು. ಎಂಟು-ಒಂದು ಎಂಬ ಲೆಕ್ಕ ಪ್ರೇಕ್ಷಕರಿಗೆ ಕಣ್ಣಲ್ಲೇ ತಿಳಿಯಬೇಕು. ಒಂಬತ್ತು ನಟರಿಲ್ಲದಿದ್ದರೆ ಸಭಾಂಗಣದ ಮೊದಲ ಸಾಲಿನ ಒಂಬತ್ತು ಪ್ರೇಕ್ಷಕರಿಗೆ ಸಂಖ್ಯೆ ಬರೆದ ಪಟ್ಟಿ ಕೊಟ್ಟು ಜ್ಯೂರಿಯಾಗಿಸಿ. ಮಾತು ಮುಖ್ಯಸ್ಥನೊಬ್ಬನದೇ, ಅವನಾಗಿ ನಿಮ್ಮ ನಟ ಕೂತರೆ ಸಾಕು. ಜ್ಯೂರಿ ಕಾರಣ ಹೇಳುವುದಿಲ್ಲ, ತೀರ್ಮಾನ ಮಾತ್ರ ಹೇಳುತ್ತದೆ. ‘ಯಾಕೆಂದರೆ’ ಎಂದು ಶುರುವಾಗುವ ಯಾವ ಸಾಲನ್ನೂ ಮುಖ್ಯಸ್ಥನಿಗೆ ಬರೆಯಬೇಡಿ. ಆರೋಪ ಕೊಲೆಯ 302ಕ್ಕೆ, ಪರ್ಯಾಯವಾಗಿ ಕೊಲೆಯಲ್ಲದ ನರಹತ್ಯೆಯ 304ರ ಮೊದಲ ಭಾಗಕ್ಕೆ ಇತ್ತು, ಆದ್ದರಿಂದ ಅವನನ್ನು ಎರಡು ಸಲ ಕೇಳಬೇಕು, ಅವನು ಎರಡು ಸಲ ಉತ್ತರಿಸಬೇಕು.

ಅನುಕ್ರಮ ಹೀಗಿರಲಿ. ದೋಷಾರೋಪ ಓದುವುದು, ಆರೋಪಿಯ ಉತ್ತರ. ಜ್ಯೂರಿಯನ್ನು ಚೀಟಿ ಎತ್ತಿ ಆರಿಸುವುದು. ಪ್ರಾಸಿಕ್ಯೂಷನ್ ಸಾಕ್ಷಿಗಳು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 342ನೇ ಕಲಮಿನಡಿ ನ್ಯಾಯಾಧೀಶರು ಆರೋಪಿಯನ್ನು ನೇರ ಪ್ರಶ್ನಿಸುವುದು, ಇದು ಪ್ರಮಾಣದ ಮೇಲಲ್ಲ. ಡಿಫೆನ್ಸ್ ಸಾಕ್ಷಿಗಳು. ವಾದ. ನ್ಯಾಯಾಧೀಶರ ಚಾರ್ಜ್. ಜ್ಯೂರಿ ಎದ್ದುಹೋಗುವುದು. ಸಿಲ್ವಿಯಾ ಡಿಫೆನ್ಸ್ ಪರ ಸಾಕ್ಷಿ, ಗಂಡನ ಪರವಾಗಿ ಕಟ್ಟೆ ಹತ್ತಿದವಳು. ಅವಳಿಗೆ ಮುಖ್ಯ ವಿಚಾರಣೆ ಮಾಡುವವರು ಖಂಡಾಲಾವಾಲಾ, ಪಾಟಿ ಸವಾಲು ತ್ರಿವೇದಿ. ಹೊಸಬರು ತಿರುಗಾಮುರುಗಾ ಮಾಡುವುದು ಇಲ್ಲೇ.

ಐವತ್ತು ನಿಮಿಷದಲ್ಲಿ ಇಷ್ಟೂ ಹಿಡಿಯದು. ಆರಿಸುವುದಾದರೆ ಆಳಿನ ಸಾಕ್ಷಿ ಐದು ನಿಮಿಷ, ಡಾಕ್ಟರ್ ಎಂಟು, ಸಿಲ್ವಿಯಾ ಹನ್ನೆರಡು, ಎರಡೂ ಕಡೆಯ ವಾದ ಸೇರಿ ಹತ್ತು, ಚಾರ್ಜ್ ಹತ್ತು, ಜ್ಯೂರಿ ಮತ್ತು ಒಪ್ಪಿಸುವಿಕೆ ಐದು. ಚಾರ್ಜಿಗೆ ಹತ್ತು ನಿಮಿಷ ಯಾಕೆಂದರೆ ಕೇಸು ತಿರುಗಿದ್ದು ಅಲ್ಲಿ. 80 ಮತ್ತು 105ರ ಬಗ್ಗೆ ನ್ಯಾಯಾಧೀಶರು ಏನನ್ನು ಹೇಳದೆ ಬಿಟ್ಟರು ಎಂಬುದು ಪ್ರೇಕ್ಷಕರಿಗೆ ಕೇಳಬೇಕಾದರೆ, ಮುಂಚೆ ವಾದದಲ್ಲಿ ತ್ರಿವೇದಿಯವರ ಬಾಯಿಂದ ಆ ಎರಡನ್ನೂ ಸ್ಪಷ್ಟವಾಗಿ ಹೇಳಿಸಿಡಿ. ಇದು ನಾಟಕದ ಅನುಕೂಲಕ್ಕೆ ಮಾಡಿಕೊಂಡ ಜೋಡಣೆ ಎಂದು ಕರಪತ್ರದಲ್ಲಿ ಒಂದು ಸಾಲು ಹಾಕಿ.

ಟವೆಲ್, ರಿವಾಲ್ವರ್, ಲಕೋಟೆ ಮುದ್ದೆಮಾಲು, ಅಂದರೆ ಕೋರ್ಟಿಗೆ ಹಾಜರುಪಡಿಸಿದ ವಸ್ತುಗಳು. ಸಾಕ್ಷಿಗೆ ತೋರಿಸುವ ಮುನ್ನ ಅದಕ್ಕೆ ಗುರುತು ಚೀಟಿ ಕಟ್ಟಿರಬೇಕು. ವಕೀಲರು ಜೇಬಿನಿಂದ ಟವೆಲ್ ತೆಗೆದು ಬೀಸಿದರೆ ದೃಶ್ಯ ಅಲ್ಲೇ ಸತ್ತುಹೋಗುತ್ತದೆ. ಬೆಂಚ್ ಕ್ಲರ್ಕ್ ಮೇಜಿನಿಂದ ಎತ್ತಿಕೊಡಬೇಕು, ಸಾಕ್ಷಿ ನೋಡಿ ಗುರುತಿಸಬೇಕು, ಮತ್ತೆ ಮೇಜಿಗೆ ಹೋಗಬೇಕು. ಈ ನಿಧಾನವೇ ಕೋರ್ಟಿನ ಲಯ.

ಗಂಡಭೇರುಂಡ

ನಾಲ್ಕನೆಯದು ಉಳಿದಿದೆ. ‘ಕೊನೆಯ ಜ್ಯೂರಿ ಕೇಸು’ ಎಂಬುದು ಸರಿಯಲ್ಲ. ಜ್ಯೂರಿ ಪದ್ಧತಿ ತೆಗೆದುಹಾಕಿ ಎಂದು ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ 1958ರಲ್ಲೇ, ಅಂದರೆ ಗುಂಡು ಹಾರುವ ಮೊದಲೇ, ಹೇಳಿತ್ತು. ನಾನಾವತಿ ಕೇಸಿನ ನಂತರವೂ ಕೆಲವು ಕಡೆ ಜ್ಯೂರಿ ವಿಚಾರಣೆ ನಡೆದಿದೆ. 1973ರ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಅದರಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಈ ಕೇಸು ಸಾಯುತ್ತಿದ್ದ ಪದ್ಧತಿಯ ಅತಿ ಪ್ರಸಿದ್ಧ ಮುಖ, ಅಷ್ಟು ಹೇಳಿದರೆ ಸಾಕು.

ರಾಜ್ಯಪಾಲರ ಭಾಗವನ್ನು ಬಿಡಬೇಡಿ, ಎರಡೇ ನಿಮಿಷದ ನಿರೂಪಣೆಯಾಗಿಯಾದರೂ ಇರಲಿ. ಹೈಕೋರ್ಟ್ ಶಿಕ್ಷೆ ಹೇಳಿದ ಅದೇ ದಿನ ರಾಜ್ಯಪಾಲ ಶ್ರೀಪ್ರಕಾಶ ಸಂವಿಧಾನದ 161ನೇ ವಿಧಿಯಡಿ, ಸುಪ್ರೀಂ ಕೋರ್ಟಿನ ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು, ನಾನಾವತಿ ನೌಕಾಪಡೆಯ ಕಸ್ಟಡಿಯಲ್ಲೇ ಇರಲಿ ಎಂದು ಆದೇಶ ಹೊರಡಿಸಿದರು. ವಾರಂಟ್ ಹಿಡಿದು ಹೋದ ಷರೀಫರು (ಕೋರ್ಟಿನ ವಾರಂಟ್ ಜಾರಿ ಮಾಡುವ ಅಧಿಕಾರಿ) ಜಾರಿ ಮಾಡಲಾಗದೆ ವಾಪಸು ಮಾಡಬೇಕಾಯಿತು. 1960ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ನಾಲ್ಕಕ್ಕೆ ಒಂದರ ಬಹುಮತದಲ್ಲಿ, ವಿಷಯ ತನ್ನ ಮುಂದಿರುವಾಗ ಶಿಕ್ಷೆ ಅಮಾನತಿನಲ್ಲಿಡುವ ಅಧಿಕಾರ ರಾಜ್ಯಪಾಲರಿಗಿಲ್ಲ ಎಂದಿತು. ಒಪ್ಪದವರು ನ್ಯಾಯಮೂರ್ತಿ ಜೆ.ಎಲ್. ಕಪೂರ್. ಕ್ಷಮಾದಾನ ಸಿಕ್ಕಿದ್ದು ಆಮೇಲೆ, 1964ರಲ್ಲಿ, ವಿಜಯಲಕ್ಷ್ಮಿ ಪಂಡಿತ್ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದಾಗ. ಆರ್.ಕೆ. ಕರಂಜಿಯಾ ಅವರ ‘ಬ್ಲಿಟ್ಜ್’ ವಾರಪತ್ರಿಕೆ ಮೊದಲಿನಿಂದಲೂ ನಾನಾವತಿ ಪರ ನಿಂತಿತ್ತು. ಅಮಾನತಿನ ಆದೇಶವನ್ನೂ ಕ್ಷಮಾದಾನವನ್ನೂ ಬೆರೆಸಿ ಒಂದೇ ಎಂದು ತೋರಿಸುವ ತಪ್ಪು ಸಾಮಾನ್ಯ. ನಡುವೆ ನಾಲ್ಕು ವರ್ಷವಿದೆ.

ಪರದೆಯ ಹಿಂದೆ

ಎಲ್ಲರಿಗೂ ಕೈಮುಗಿದೆವು. ಮೊದಲ ಕರಡಿನಲ್ಲಿ ಜೇಠ್ಮಲಾನಿಗೆ ಬರೆದಿದ್ದ ಎರಡು ಪುಟ ತ್ರಿವೇದಿಯವರಿಗೆ ಹೋಯಿತು, ಸುತ್ತಿಗೆ ಪಟ್ಟಿಯಿಂದ ಹೋಯಿತು. ಕೊನೆಯದಾಗಿ ಒಂದು: ಈಗ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಸಂಭಾಷಣೆಯಲ್ಲಿ ಕಲಮಿನ ಸಂಖ್ಯೆ ಹಳೆಯದಿರಲೋ ಹೊಸದೋ?

ಸೆಷನ್ಸ್ ದಾರಿ

ವೇದಿಕೆಯ ಮೇಲೆ ಹಳೆಯದೇ. 1959ರ ವಕೀಲರ ಬಾಯಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಸಂಖ್ಯೆ ಬರುವುದು ಬೇಡ. ಕರಪತ್ರದ ಹಿಂಬದಿಯಲ್ಲಿ ಜೋಡಿ ಹಾಕಿಕೊಡಿ, ವಿದ್ಯಾರ್ಥಿಗಳಿಗೆ ಉಪಯೋಗ: ಕೊಲೆಯ ವ್ಯಾಖ್ಯೆ 300 ಈಗ 101, ಶಿಕ್ಷೆಯ 302 ಈಗ 103, 304 ಈಗ 105, ಆಕಸ್ಮಿಕದ 80 ಈಗ 18. ಸಾಕ್ಷ್ಯ ಅಧಿನಿಯಮದ 105 ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 108. ಹಳೆ ಸಾಕ್ಷ್ಯ ಅಧಿನಿಯಮದ 105, ಹೊಸ ನ್ಯಾಯ ಸಂಹಿತೆಯ 105 ಎರಡೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಅಚ್ಚಿಗೆ ಕೊಡುವ ಮುನ್ನ ಯಾವ ಕಾನೂನಿನದು ಎಂದು ಪ್ರತಿಯೊಂದರ ಪಕ್ಕದಲ್ಲೂ ಬರೆದಿದೆಯೇ ನೋಡಿಕೊಳ್ಳಿ.